ಚಳಿಗೆ ಗಂಟಲು ಕಟ್ಟಿದ ಪೀಪಿ

ಬಸ್ ಕಂಡಕ್ಟರ್ ಇಂದ್ರಾಣಿ ಆ ಭಾನುವಾರ ಮೊದಲ ಪಾಳಿಗೆ ಹೊರಡಲು ಖಾಕಿ ತೊಟ್ಟು ನಡುಮನೆಗೆ ಬಂದಾಗ ಅಪ್ಪನ ಮಂಚ ಖಾಲಿಯಾಗಿತ್ತು. ಕಂಬಳಿ ಮಡಿಸಿಟ್ಟಿತ್ತು, ಮೊಳೆಯಲ್ಲಿ ನೇತಾಡುತ್ತಿದ್ದ ಮಂಕಿ ಕ್ಯಾಪು ಇರಲಿಲ್ಲ. ಜನವರಿಯ ಚಳಿಗೆ ಮಂಡಿ ಹಿಡಿದುಕೊಂಡಿದೆ ಎಂದು ಬಿಸಿಲೇರುವ ತನಕ ಕಾಲು ಕೆಳಗಿಡದ ಪಿಳ್ಳಣ್ಣ ಈ ಇಬ್ಬನಿಯಲ್ಲಿ ಎಲ್ಲಿಗೆ ಹೋದ? ಗಂಡ ಮಹೇಶನೂ ಇರಲಿಲ್ಲ. ಅವನದು ಡ್ರೈವರ್ ಕೆಲಸ, ಓನರು ಕರೆದ ಹೊತ್ತಿಗೆ ಹೋಗಬೇಕು, ಅದೇನೂ ಹೊಸದಲ್ಲ. ಆದರೆ ಮಾವ, ಅಳಿಯ ಇಬ್ಬರೂ ಒಂದು ಮಾತೂ ಹೇಳದೆ ಹೋಗಿದ್ದು ಅವಳಿಗೆ ಸರಿ ಕಾಣಲಿಲ್ಲ.

ಹಿಂದಿನ ಸಂಜೆ ಕಂಡದ್ದು ಆಗ ನೆನಪಾಯಿತು. ಅಪ್ಪ ಬಾಗಿಲ ಬಳಿ ಕೂತು ತನ್ನ ಹಳೆಯ ಮರದ ಪೀಪಿಗೆ ಹರಳೆಣ್ಣೆ ಸವರುತ್ತಿದ್ದ. ಬೆರಳುದ್ದದ ಬೀಟೆಮರದ ಕೊಳವೆ ಅದು, ಒಳಗೆ ಬಿದಿರಿನ ತೆಳ್ಳನೆಯ ನಾಲಿಗೆ. ಊದಿದರೆ ಗೌಜಲಹಕ್ಕಿಯ ಕೂಗೇ. ಗೌಜಲ ಅಂದರೆ ಒಣಹುಲ್ಲಿನ ಬಣ್ಣದ, ಎಳೆ ಕೋಳಿಯಷ್ಟು ದಪ್ಪನೆಯ ಹಕ್ಕಿ. ಹಾರುವುದಕ್ಕಿಂತ ಓಡುವುದೇ ಹೆಚ್ಚು. ತನ್ನ ಜಾಗದಲ್ಲಿ ಇನ್ನೊಂದು ಗಂಡು ಕೂಗಿದರೆ ಜಗಳಕ್ಕೆ ಓಡಿಬರುತ್ತದೆ, ಬಂದು ಬಲೆಗೆ ಬೀಳುತ್ತದೆ. ಪಿಳ್ಳಣ್ಣ ಪ್ರಾಯದಲ್ಲಿ ತಲಘಟ್ಟಪುರದ ಸುತ್ತಲಿನ ಬಯಲುಗಳಲ್ಲಿ ಹೀಗೆ ಊದಿ ಹಕ್ಕಿ ಹಿಡಿಸಿಕೊಡುತ್ತಿದ್ದವನು. ಆ ಬಯಲುಗಳೆಲ್ಲ ಈಗ ಲೇಔಟುಗಳಾಗಿದ್ದವು.

“ಏನಪ್ಪಾ, ಇವತ್ತು ಅದರ ಮೇಲೆ ಪ್ರೀತಿ ಉಕ್ಕಿದೆ?” ಎಂದು ಕೇಳಿದ್ದಳು.

“ಸುಮ್ನೆ ಕಣವ್ವ. ಚಳಿಗಾಲ ಅಲ್ವಾ, ಮರ ಬಿರುಕು ಬಿಡ್ತದೆ,” ಎಂದಿದ್ದ ಅಪ್ಪ, ಮುಖ ಎತ್ತದೆ. ಪಕ್ಕದಲ್ಲೇ ಮಹೇಶ ಮೊಬೈಲ್ ನೋಡುತ್ತ ಮುಸಿಮುಸಿ ನಗುತ್ತಿದ್ದ.

ಈಗ ಎಲ್ಲ ತಾಳೆಯಾಯಿತು. ಮಹೇಶನ ಓನರು ಸುಶ್ರುತ ಎಂಬುವನು. ಜೆ.ಪಿ. ನಗರದಲ್ಲಿ ಅವನ ಹೋಟೆಲು, ಕನಕಪುರ ರಸ್ತೆಯಲ್ಲಿ ಫಾರ್ಮ್‌ಹೌಸು. ಗೆಳೆಯರಿಗೆ ಕಾಡುಹಕ್ಕಿಯ ಊಟ ಹಾಕಬೇಕು, ಗೌಜಲ ಹಿಡಿಯುವವರು ಯಾರಾದರೂ ಇದ್ದರೆ ಹೇಳು ಎಂದು ಅವನು ಕೇಳುತ್ತಿದ್ದಾನೆಂದು ಮಹೇಶ ತಾನೇ ಹೇಳಿದ್ದ. “ನಮ್ಮಪ್ಪನ ಹೆಸರು ಎತ್ತಿದ್ರೆ ನಾನು ಮನುಷ್ಯಳಾಗಿರಲ್ಲ, ನೋಡಿ,” ಎಂದು ಇಂದ್ರಾಣಿ ಆಗಲೇ ಎಚ್ಚರಿಸಿದ್ದಳು. ಈಗ ಫೋನ್ ಮಾಡಿದಳು. ಮಹೇಶ ಎತ್ತಲಿಲ್ಲ. ಮತ್ತೆ ಮಾಡಿದಳು. ಸ್ವಿಚ್ ಆಫ್.

ಡಿಪೋಗೆ ಫೋನ್ ಮಾಡಿ ಇವತ್ತು ಬರಲಾಗುವುದಿಲ್ಲ ಎಂದು ಹೇಳಿ, ಸ್ಕೂಟರ್ ತೆಗೆದಳು. ಗೌಜಲ ಕೂಗುವ ಬಯಲು ಅಂತ ಉಳಿದಿರುವುದು ಒಂದೇ. ಸೈಟುಗಳಿಗೆ ಕಲ್ಲು ನೆಟ್ಟು, ಯಾವುದೋ ವ್ಯಾಜ್ಯಕ್ಕೆ ಸಿಕ್ಕಿ ಹಾಗೇ ಬಿಟ್ಟಿದ್ದ ಜಾಗ. ಲಂಟಾನ, ಎದೆಮಟ್ಟದ ಹುಲ್ಲು. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಬೆರಳು ಮರಗಟ್ಟಿದ್ದವು. ಆದರೆ ಒಳಗೆ ಕುದಿಯುತ್ತಿದ್ದಳು.

ಅವಳಿಗೆ ಸಿಟ್ಟು ಬಂದದ್ದು ಹಕ್ಕಿಗೋಸ್ಕರ ಮಾತ್ರ ಅಲ್ಲ. ಅವಳ ಅವ್ವ ಅಂಕಮ್ಮ ಸಾಯುವ ತನಕ ಹೇಳುತ್ತಿದ್ದ ಮಾತೊಂದಿತ್ತು. ಆ ಕಾಲದಲ್ಲಿ ಜಮೀನ್ದಾರರು ಕೋಳಿ ಕೂಗುವ ಮೊದಲೇ ಪಿಳ್ಳಣ್ಣನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರು. ಮೈಮೇಲೆ ಒಂದು ಹರಕು ಪಂಚೆ. ಹುಲ್ಲಿನ ಇಬ್ಬನಿಯಲ್ಲಿ ಮೊಣಕಾಲೂರಿ ಅವನು ಊದಬೇಕು, ಅವರು ಜೀಪಿನಲ್ಲಿ ಬೀಡಿ ಸೇದಿಕೊಂಡು ಕೂರಬೇಕು. ಹಕ್ಕಿ ಅವರ ಮನೆಯಲ್ಲಿ ಬೇಯುತ್ತಿತ್ತು. ಇವನಿಗೆ ಹಿತ್ತಲ ಬಾಗಿಲಲ್ಲಿ, ಎಲೆಯಲ್ಲಿ ಸುತ್ತಿದ ತಲೆ, ಕಾಲು. ಜಗುಲಿ ಹತ್ತಿಸುತ್ತಿರಲಿಲ್ಲ. “ಅದನ್ನ ನಾನು ತಿಂದಿಲ್ಲ ಕಣೆ, ನಾಯಿಗೆ ಹಾಕ್ದೆ,” ಎನ್ನುತ್ತಿದ್ದಳು ಅಂಕಮ್ಮ. ಆದರೆ ಅಪ್ಪ ಹೇಳುತ್ತಿದ್ದ ಕತೆಯೇ ಬೇರೆ. ಅವನ ಕತೆಯಲ್ಲಿ ಹಿತ್ತಲ ಬಾಗಿಲು ಇರಲಿಲ್ಲ. “ಪಿಳ್ಳ ಇಲ್ದೆ ಬೇಟೆ ಇಲ್ಲ ಅಂತಿದ್ರು ಎಲ್ಲಾ,” ಎಂದು ಈಗಲೂ ಎದೆ ಸೆಟೆಸಿ ಹೇಳುತ್ತಿದ್ದ.

ಬಯಲಿನ ಅಂಚಿನಲ್ಲಿ ಸುಶ್ರುತನ ದೊಡ್ಡ ಕಾರು ನಿಂತಿತ್ತು. ಇಂದ್ರಾಣಿ ಸ್ಕೂಟರ್ ನಿಲ್ಲಿಸಿ ಮಂಜಿನಲ್ಲಿ ನಡೆದು ಹೋದಳು. ಮೊದಲು ಅವಳನ್ನು ಕಂಡವರು ಸುಶ್ರುತನ ಇಬ್ಬರು ಗೆಳೆಯರು. ಅವರಿಗೆ ಕಂಡದ್ದು ಮುಖವಲ್ಲ, ಖಾಕಿ.

“ಫಾರೆಸ್ಟ್‌ನೋರು ಗುರು! ಓಡು!”

ಒಬ್ಬ ಕೈಯಲ್ಲಿದ್ದ ಕಾಫಿ ಫ್ಲಾಸ್ಕನ್ನೇ ಬಿಸಾಡಿ ಕಲ್ಲಿಗೆ ಎಡವಿ ಬಿದ್ದ. ಸುಶ್ರುತ ಕಾರಿನ ಹಿಂದೆ ಹೋಗಿ ಬಗ್ಗಿ ಕುಳಿತ. ಮಹೇಶ ಮಾತ್ರ ನಡಿಗೆಯಿಂದಲೇ ಗುರುತು ಹಿಡಿದ. “ಸಾರ್, ಸಾರ್, ಏನಿಲ್ಲ… ನಮ್ಮನೆಯವಳು,” ಎಂದ, ಸಣ್ಣ ದನಿಯಲ್ಲಿ.

ಸುಶ್ರುತ ಎದ್ದು ಜಾಕೆಟ್ ಕೊಡವಿಕೊಂಡ. ತಾನು ಹೆದರಿದ್ದನ್ನು ಎಲ್ಲರೂ ನೋಡಿಬಿಟ್ಟರಲ್ಲ ಎಂಬ ನಾಚಿಕೆಗೆ ಜೋರಾಗಿ ನಕ್ಕ. “ಲೋ ಮಹೇಶ, ನಿನ್ನ ಹೆಂಡ್ತಿ ಬಸ್ ಕಂಡಕ್ಟರ್ ಅಲ್ವೇನೋ? ಏನ್ ಮೇಡಂ, ಇಲ್ಲೂ ಟಿಕೆಟ್ ಹರಿಯೋಕೆ ಬಂದ್ರಾ?”

ಇಂದ್ರಾಣಿ ಅವನತ್ತ ತಿರುಗಲೂ ಇಲ್ಲ. ಸ್ವಲ್ಪ ದೂರದಲ್ಲಿ, ಲಂಟಾನ ಪೊದೆಯ ಮರೆಯಲ್ಲಿ ಅವಳ ಅಪ್ಪ ಮೊಣಕಾಲೂರಿ ಕೂತಿದ್ದ. ಪಂಚೆ ತೊಡೆಯ ತನಕ ತೊಯ್ದಿತ್ತು. ಮುಂದೆ ಹುಲ್ಲಿನ ನಡುವೆ ಬಲೆ ಕಟ್ಟಿದ್ದರು. ಅವ್ವ ಹೇಳಿದ್ದ ಚಿತ್ರ ಹಾಗೇ ಕಣ್ಣಮುಂದೆ ಬಂದು ಕೂತಂತಿತ್ತು. ಜೀಪಿನ ಬದಲು ಕಾರು, ಅಷ್ಟೇ.

“ಏಳಪ್ಪಾ. ಮನೆಗೆ ನಡಿ.”

“ನೀನ್ಯಾಕೆ ಬಂದೆ? ಹೋಗು, ಡ್ಯೂಟಿಗೆ ಹೋಗು.”

“ಏಳು ಅಂದ್ನಲ್ಲ! ಮಂಡಿ ನೋವು ಅಂತ ಬಚ್ಚಲಿಗೆ ಹೋಗೋಕೂ ನನ್ನ ಹೆಗಲು ಬೇಕು ನಿಂಗೆ. ಇಲ್ಲಿ ಇವರ ನಾಲಿಗೆ ಚಪಲಕ್ಕೆ ಮಂಡಿ ಊರ್ಕೊಂಡು ಕೂತಿದೀಯಲ್ಲ, ನಾಚ್ಕೆ ಆಗಲ್ವಾ?”

“ಕೂಗ್ಬೇಡ್ವೇ, ಹಕ್ಕಿ ಓಡೋಯ್ತವೆ,” ಎಂದು ಪಿಳ್ಳಣ್ಣ ಹಲ್ಲು ಕಚ್ಚಿದ. “ಮಗಳೇ, ಎಷ್ಟು ವರ್ಷ ಆಯ್ತು ಗೊತ್ತಾ ಯಾರಾದ್ರೂ ನನ್ನ ಒಂದು ಕೆಲಸಕ್ಕೆ ಕರ್ದು? ಮಂಚದ ಮೇಲೆ ಕೂತ್ಕೊ, ಮಾತ್ರೆ ನುಂಗು, ಟೀವಿ ನೋಡು. ಇಷ್ಟೇ ಅಲ್ವಾ ನಿನ್ನ ಮನೇಲಿ? ಇವರು ಮನೆ ಬಾಗಿಲಿಗೆ ಕಾರ್ ತಂದು ಯಜಮಾನ್ರೇ ಅಂತ ಕರ್ದ್ರು.”

ಅಷ್ಟರಲ್ಲಿ ಮಹೇಶ ಬಂದು ಅವಳ ಮೊಣಕೈ ಹಿಡಿದು ಹಿಂದಕ್ಕೆ ಎಳೆದ. “ಐದು ನಿಮಿಷ ಸುಮ್ನಿರೇ. ನನ್ನ ಕೆಲಸ ಹೋಗುತ್ತೆ.”

ಪಿಳ್ಳಣ್ಣ ಪೀಪಿಯನ್ನು ತುಟಿಗಿಟ್ಟು ಊದಿದ. ಗೊರಗೊರ ಎಂದಿತು. ಶೀತವಾದ ಗಂಟಲಿನ ಹಾಗೆ. ಬಾಯಿಂದ ತೆಗೆದು ಅಂಗೈಗೆ ಕುಟ್ಟಿದ. ಒಂದು ಹನಿ ನೀರು ಬಿತ್ತು. ಬಿಸಿಯುಸಿರು ತಣ್ಣನೆಯ ಮರದೊಳಗೆ ಹೋದದ್ದೇ ನೀರಾಗಿ ಬಿದಿರಿನ ನಾಲಿಗೆಯನ್ನು ಅಂಟಿಸಿಬಿಡುತ್ತಿತ್ತು. ಅವನು ಪೀಪಿಯನ್ನು ಸ್ವೆಟರಿನೊಳಗೆ, ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ.

“ಏನದು? ಬೆಳಗ್ಗಿಂದ ಬರೀ ಕಂಕುಳಲ್ಲೇ ಇಟ್ಕೊಂಡಿದೀಯ,” ಎಂದ ಸುಶ್ರುತ. ಮನೆ ಬಾಗಿಲಲ್ಲಿ ಯಜಮಾನ್ರೇ ಎಂದಿದ್ದವನು ಆಗಲೇ ಏಕವಚನಕ್ಕೆ ಇಳಿದಿದ್ದ.

“ಚಳಿ ಹಿಡಿದದೆ ಸ್ವಾಮಿ. ಮೈ ಶಾಖಕ್ಕೆ ಬೆಚ್ಚಗಾಗ್ಬೇಕು. ಮರ ಬೆಚ್ಚಗಾದ್ರೆ ದನಿ ತಾನಾಗೇ ಬಿಡ್ತದೆ. ಚೂರು ತಡೀರಿ.”

“ಬಿಸಿಲು ಬಂದ್ರೆ ಜನ ವಾಕಿಂಗ್‌ಗೆ ಬರ್ತಾರೆ. ಕೊಡು ಇಲ್ಲಿ.” ಸುಶ್ರುತ ಬಗ್ಗಿ ಮುದುಕನ ಸ್ವೆಟರಿನೊಳಗೇ ಕೈಹಾಕಿ ಪೀಪಿ ಕಿತ್ತುಕೊಂಡ. ಜೇಬಿನಿಂದ ಸಿಗರೇಟ್ ಲೈಟರ್ ತೆಗೆದು ಹೊತ್ತಿಸಿ ಅದರ ಕೆಳಗೆ ಹಿಡಿದ.

“ಬ್ಯಾಡಿ! ಬೆಂಕಿ ತೋರಿಸ್ಬ್ಯಾಡಿ ಸ್ವಾಮಿ, ಸಿಡೀತದೆ!”

ಪಿಳ್ಳಣ್ಣ ಏಳಲು ಹೋಗಿ, ಮಂಡಿ ಹಿಡಿದುಕೊಂಡು, ಕೈಯೂರಿ ಬಿದ್ದ. ಟಪ್ ಎಂದು ಸದ್ದಾಯಿತು. ಎಣ್ಣೆ ಕುಡಿದಿದ್ದ ಮರ ಒಂದು ಬದಿಗೆ ಸುಟ್ಟು, ಉದ್ದಕ್ಕೂ ಸೀಳಿತ್ತು. ಸುಶ್ರುತ ಬೆರಳು ಸುಟ್ಟುಕೊಂಡು ಅದನ್ನು ಹುಲ್ಲಿಗೆ ಎಸೆದ.

“ಬಿಡು, ಆನ್‌ಲೈನ್‌ನಲ್ಲಿ ಇಂಥವು ಬೇಕಾದಷ್ಟು ಸಿಗುತ್ತೆ. ಲೋ ಮಹೇಶ, ನಿನ್ನ ಫೋನ್ ಆನ್ ಮಾಡು. ನನ್ನದರಲ್ಲಿ ಚಾರ್ಜ್ ಇಲ್ಲ. ಗೌಜಲ ಸೌಂಡ್ ಅಂತ ಹಾಕು, ಬರುತ್ತೆ.”

ಮಹೇಶ ಒಂದು ಕ್ಷಣ ಮಾವನ ಕಡೆ ನೋಡಿದ. ಆಮೇಲೆ ಫೋನ್ ಆನ್ ಮಾಡಿದ. ಹುಡುಕಿದ. ಪೊದೆಯ ಬುಡದಲ್ಲಿ ಇಟ್ಟು ದನಿ ಪೂರ್ತಿ ಏರಿಸಿದ. ಚಳಿಯೋ ಮಂಜೋ ಯಾವುದೂ ತಟ್ಟದ ಗಟ್ಟಿ ಕೂಗು ಬಯಲ ತುಂಬ ಎದ್ದಿತು. ಎಲ್ಲಿಂದಲೋ ಒಂದು ಹಕ್ಕಿ ಓಗೊಟ್ಟಿತು. ಆಮೇಲೆ ಇನ್ನೊಂದು. ಹುಲ್ಲು ಅಲುಗಿತು, ಕತ್ತು ಮುಂದೆ ಚಾಚಿಕೊಂಡು ಎರಡು ಗೌಜಲ ಓಡಿಬಂದು ಬಲೆಗೆ ಬಿದ್ದು ರೆಕ್ಕೆ ಬಡಿಯತೊಡಗಿದವು.

“ಸಖತ್!” ಎಂದು ಗೆಳೆಯರು ಕೇಕೆ ಹಾಕಿದರು. ಪಿಳ್ಳಣ್ಣ ಬಿದ್ದಲ್ಲೇ ಕೂತು ಸೀಳಿದ ಮರವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ, ಒತ್ತಿದರೆ ಕೂಡಿಕೊಳ್ಳುತ್ತದೆ ಎಂಬಂತೆ. ಸುಶ್ರುತ ಅವನನ್ನು ದಾಟಿ ಹೋಗುತ್ತ, “ನೋಡು ಮುದ್ಕ, ನಿಮ್ಮ ಜನಕ್ಕೆ ಇದೆಲ್ಲ ರಕ್ತದಲ್ಲೇ ಇರುತ್ತೆ ಅಂದ್ಕೊಂಡಿದ್ದೆ. ನನ್ನ ಡ್ರೈವರ್ ಫೋನೇ ವಾಸಿ,” ಎಂದ.

ಇಂದ್ರಾಣಿ ಗಂಡನ ಕೈಯನ್ನು ಕೊಡವಿದಳು. “ಏನಂದೆ? ನಮ್ಮ ಜನಕ್ಕೆ ಏನಿರುತ್ತೆ ರಕ್ತದಲ್ಲಿ?” ಎಂದಳು. ಬಸ್ಸಿನ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ತಲುಪುವ ದನಿ ಅವಳದು. ಬಯಲಿನಾಚೆಯ ಅಪಾರ್ಟ್‌ಮೆಂಟಿನಲ್ಲಿ ಯಾರೋ ಕಿಟಕಿ ತೆಗೆದರು. “ನಮ್ಮಪ್ಪನ ಪ್ರಾಯದಲ್ಲಿ ನಿಮ್ಮಂಥೋರು ಹೊಟ್ಟೆಗಿಲ್ದೋನನ್ನ ಇಬ್ಬನೀಲಿ ಕೂರಿಸಿದ್ರಿ. ಅದು ರಕ್ತ ಅಲ್ಲ, ಹಸಿವು. ಈಗ ನಮ್ಮನೇಲಿ ಹಸಿವಿಲ್ಲ. ಏನಂತ ಬಂದೆ ನಮ್ಮ ಬಾಗಿಲಿಗೆ?”

“ಏಯ್, ಬಾಯಿ ಮುಚ್ಚಿಸೋ ಇವಳದ್ದು!”

ಮಹೇಶ ಬಾಯಿ ಮುಚ್ಚಿಸಲು ಬರಲಿಲ್ಲ, ಅವಳ ಪರವಾಗಿ ಮಾತೂ ಆಡಲಿಲ್ಲ. ಬೂಟಿನ ತುದಿಯಿಂದ ಹುಲ್ಲು ಕೆದಕುತ್ತ ನಿಂತ. ಅದು ಅವಳನ್ನು ಇನ್ನಷ್ಟು ಉರಿಸಿತು. ನೇರ ಬಲೆಯ ಹತ್ತಿರ ಹೋಗಿ ಗೂಟ ಕಿತ್ತಳು. ಒಂದು ಹಕ್ಕಿ ನುಸುಳಿ, ನೆಲಕ್ಕೆ ತಾಗಿದಂತೆ ಹಾರಿ ಹುಲ್ಲಿನಲ್ಲಿ ಮರೆಯಾಯಿತು. ಇನ್ನೊಂದರ ಕಾಲು ಎಳೆಯಲ್ಲಿ ಸಿಕ್ಕಿ ತಿರುಚಿಕೊಂಡಿತ್ತು. ಹಲ್ಲಿನಿಂದ ಎಳೆ ಕಡಿದು ಅದನ್ನು ಬಿಡಿಸಿದಳು. ಅವಳ ಕೈಯಲ್ಲಿ ಅದರ ಎದೆ ಡವಡವ ಬಡಿದುಕೊಳ್ಳುತ್ತಿತ್ತು. ಟಿಕೆಟ್ ಬ್ಯಾಗಿನಲ್ಲಿ ಕರವಸ್ತ್ರ ಹಾಸಿ ಹಕ್ಕಿಯನ್ನು ಕೂರಿಸಿದಳು, ಬಲೆಯನ್ನು ಸುತ್ತಿ ಕಂಕುಳಿಗೆ ಇಟ್ಟುಕೊಂಡಳು.

“ಎಲ್ಲಿಗೆ ತಗೊಂಡ್ಹೋಗ್ತಿದೀಯ ಅದನ್ನ?” ಸುಶ್ರುತನ ನಗು ನಿಂತಿತ್ತು.

“ಈಗ ಫಾರೆಸ್ಟ್‌ನೋರು ಅಂತ ಹೆದರಿ ಓಡಿದ್ರಲ್ಲ, ಆ ಆಫೀಸಿಗೆ.”

ಗೆಳೆಯನೊಬ್ಬ ಅಡ್ಡ ಬಂದ. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಕಡೆಯಿಂದ ವಾಕಿಂಗ್ ಬಂದಿದ್ದ ಇಬ್ಬರು ಹೆಂಗಸರು ನಿಂತು ನೋಡತೊಡಗಿದ್ದರು. ಒಬ್ಬಳು ಮೊಬೈಲ್ ಎತ್ತಿ ಹಿಡಿದಿದ್ದಳು. ಅವನು ಪಕ್ಕಕ್ಕೆ ಸರಿದ.

ಸ್ಕೂಟರ್ ಸ್ಟಾರ್ಟ್ ಮಾಡುವಾಗ ಹಿಂದೆ ಕುಂಟುವ ಹೆಜ್ಜೆ ಕೇಳಿಸಿತು. ಪಿಳ್ಳಣ್ಣ ಬಂದು ಒದ್ದೆ ಪಂಚೆಯಲ್ಲೇ ಹಿಂದಿನ ಸೀಟು ಹತ್ತಿದ. ಬೆನ್ನಿಗೆ ಅವನ ನಡುಕ ತಾಗುತ್ತಿತ್ತು. ಪಾಪ ಅನಿಸಿತು, ಅನಿಸಿದ್ದಕ್ಕೇ ಮತ್ತೆ ಸಿಟ್ಟು ಬಂತು.

ಅರಣ್ಯ ಇಲಾಖೆಯ ಕಚೇರಿಯಲ್ಲಿ ಭಾನುವಾರದ ಪಾಳಿಯಲ್ಲಿದ್ದ ಅಧಿಕಾರಿ ಸೀತಾಲಕ್ಷ್ಮಿ ಮೊದಲು ಹಕ್ಕಿಯನ್ನು ನೋಡಿದರು, ಕಾಲು ಮುಟ್ಟಿ ನೋಡಿ ಒಬ್ಬ ಗಾರ್ಡ್ ಕೈಯಲ್ಲಿ ಆಸ್ಪತ್ರೆಗೆ ಕಳಿಸಿದರು. ಆಮೇಲೆ ಹೇಳಿಕೆ ಬರೆದುಕೊಳ್ಳಲು ಕುಳಿತರು. ಇಂದ್ರಾಣಿ ಸುಶ್ರುತನ ಹೆಸರು ಹೇಳಿದಳು, ಕಾರಿನ ವಿಷಯ, ಬಲೆಯ ವಿಷಯ ಹೇಳಿದಳು. ಗಂಡನ ಫೋನಿನ ವಿಷಯವನ್ನೂ ಬಿಡದೆ ಹೇಳಿದಳು. ಅಪ್ಪನ ಮಾತು ಬಂದಾಗ ಮಾತ್ರ ಅವಳಿಂದ ಆಗಲಿಲ್ಲ.

“ಯಾರೋ ವಯಸ್ಸಾದವರೊಬ್ಬರು ಇದ್ರು ಮೇಡಂ. ಅವರಿಗೆ ಪಾಪ ಏನೂ ಗೊತ್ತಿಲ್ಲ…”

“ಯಾರೋ ಅಲ್ಲ,” ಎಂದ ಪಿಳ್ಳಣ್ಣ, ಬೆಂಚಿನಿಂದ. “ನಾನೇ. ನನಗೆಲ್ಲಾ ಗೊತ್ತಿತ್ತು.”

“ಅಪ್ಪಾ, ಸುಮ್ನಿರು.”

“ನೀನು ಸುಮ್ನಿರು! ಹಕ್ಕಿ ಕರೆಯೋಕೆ ಬಂದೋನು ಪಿಳ್ಳಣ್ಣ ಅಂತ ಬರ್ಕೊಳ್ಳಿ ಮೇಡಂ. ಆಸೆಗೆ ಬಂದೆ. ಕರೆದ್ರಲ್ಲಾ ಅಂತ ಬಂದೆ.” ಅವನು ಮೇಜಿನ ಮೇಲಿನ ಹಾಳೆಯತ್ತ ಬೆರಳು ತೋರಿಸಿದ. “ಆಗಿನೋರೂ ಹಿಂಗೇ. ಪಿಳ್ಳ ಅನ್ನೋರು, ನನ್ನ ಹೆಸರು ಅವರ ಬಾಯಲ್ಲಿ ಪೂರ್ತಿ ಬಂದಿದ್ದೇ ಇಲ್ಲ. ನನ್ನ ಹೆಂಡ್ತಿ ಹೇಳೋಳು, ನಾನು ಕೇಳ್ತಿರಲಿಲ್ಲ. ಇವಳೂ ಈಗ ಯಾರೋ ಅಂತಾಳೆ. ಶಿಕ್ಷೆ ಕೊಡೋ ಹಂಗಿದ್ರೆ ಕೊಡಿ. ಯಾರೋ ಅಂತ ಮಾತ್ರ ಬರೀಬ್ಯಾಡಿ.”

ಸೀತಾಲಕ್ಷ್ಮಿ ಪೆನ್ನು ಹಿಡಿದುಕೊಂಡು ಇಬ್ಬರನ್ನೂ ನೋಡಿದರು. “ನಿಮ್ಮ ಮೇಲೂ ಕೇಸ್ ಆಗುತ್ತೆ ತಾತ. ಹಿಡಿಯೋಕೆ ಪ್ರಯತ್ನ ಪಟ್ರೂ ಅದು ಬೇಟೆಯೇ.”

“ಆಗ್ಲಿ.”

ಅವನ ಹೆಸರು, ತಂದೆಯ ಹೆಸರು, ಊರು ಎಲ್ಲ ಬರೆಸಿಯೇ ಪಿಳ್ಳಣ್ಣ ಎದ್ದದ್ದು. ಹೊರಗೆ ಬಂದ ಮೇಲೆ ಅಪ್ಪ ಮಗಳು ರಸ್ತೆಯಲ್ಲೇ ಜಗಳವಾಡಿದರು. ಬಚ್ಚಿಡಲು ಹೊರಟದ್ದಕ್ಕೆ ಅವನು ಬೈದ. ಬಾಯಿಬಿಟ್ಟದ್ದಕ್ಕೆ ಅವಳು ಬೈದಳು. ಇಬ್ಬರೂ ಅತ್ತರು ಕೂಡ, ಆದರೆ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ.

ಮಹೇಶ ಮಧ್ಯಾಹ್ನ ಬಂದು ಬಟ್ಟೆ ಜೋಡಿಸಿಕೊಂಡ. “ಕಟ್ಕೊಂಡ ಗಂಡನ್ನೇ ಸ್ಟೇಷನ್ ಮೆಟ್ಲು ಹತ್ತಿಸ್ತೀಯಲ್ಲೇ,” ಎಂದ. “ಬಾಗಿಲಲ್ಲಿ ನಿಂತು ಮಾವನ್ನ ಕಾರ್ ಹತ್ತಿಸಿದ್ರಲ್ಲ, ಆಗ ನಾನು ಯಾರು ಅಂತ ನೆನಪಿರಲಿಲ್ವಾ?” ಎಂದಳು ಇಂದ್ರಾಣಿ. ಅವನು ಅರೆಕೆರೆಯ ಅಣ್ಣನ ಮನೆಗೆ ಹೋದ. ಹಕ್ಕಿ ಮಾರನೆಯ ದಿನ ಸತ್ತಿತೆಂದು ಕಚೇರಿಯಿಂದ ಫೋನ್ ಬಂತು. ಆ ವಾರವಿಡೀ ಅವಳ ಬಸ್ಸಿನಲ್ಲಿ ಚಿಲ್ಲರೆ ತಾರದವರ ಗತಿ ದೇವರಿಗೇ ಪ್ರೀತಿ ಎಂಬಂತಿತ್ತು.

ಕೆಲವು ದಿನಗಳ ನಂತರ ಜಯನಗರದ ಒಬ್ಬ ಲಾಯರ್ ಮನೆಗೆ ಬಂದರು. ಸುಶ್ರುತ ಕಳಿಸಿದ್ದ. ಅಣ್ಣನ ಮನೆಯಿಂದ ಮಹೇಶನನ್ನೂ ಕರೆಸಿದ್ದರು. ರಾಜಿಯ ಮಾತು, ಕೇಸಾದ ಮೇಲೆ ಕಳೆದುಕೊಂಡ ಕೆಲಸ ವಾಪಸ್ ಸಿಗುತ್ತದೆ ಎಂದು ಅವನು ಇಸ್ತ್ರಿ ಮಾಡಿದ ಷರ್ಟ್ ಹಾಕಿಕೊಂಡು ಬಂದಿದ್ದ. ಲಾಯರ್ ಮೃದುವಾಗಿ ಮಾತಾಡಿದರು.

“ತಾತ, ನಿಮಗೆ ಈ ವಯಸ್ಸಲ್ಲಿ ಕೋರ್ಟು ಯಾಕೆ? ನೀವು ಹೇಳೋದಿಷ್ಟೇ. ಆವತ್ತು ಚಳಿ ಇತ್ತು, ಪೀಪಿ ಊದಲೇ ಇಲ್ಲ. ನೀವು ಹಕ್ಕಿ ಕರೆದೇ ಇಲ್ಲ. ಸುಮ್ನೆ ಹಳೇ ನೆನಪಿಗೆ ಹಿಡ್ಕೊಂಡಿದ್ರಿ, ಅದು ಒಡೆದುಹೋಯ್ತು.”

“ಮತ್ತೆ ಹಕ್ಕಿ ಹೆಂಗೆ ಬಂತು?” ಎಂದ ಪಿಳ್ಳಣ್ಣ.

“ಅದು ಫೋನಿಗೆ. ಫೋನ್ ಯಾರದ್ದೋ ಅವರ ಜವಾಬ್ದಾರಿ. ನಮ್ಮ ಸಾರ್ ಬರೀ ವಾಕಿಂಗ್ ಬಂದಿದ್ರು.” ಲಾಯರ್ ಮಹೇಶನ ಕಡೆ ನೋಡಿ ನಕ್ಕರು. “ಡ್ರೈವರಿಗೆ ದೊಡ್ಡ ಶಿಕ್ಷೆ ಏನೂ ಆಗಲ್ಲ. ಆಮೇಲೆ ನಾವೇ ನೋಡ್ಕೋತೀವಿ.”

ಮಹೇಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. “ನನ್ನದೇ ಫೋನ್ ಹಾಕು ಅಂದಿದ್ದು ಅವರು ಸಾರ್. ಅವರ ಫೋನಲ್ಲಿ ಚಾರ್ಜ್ ಇಲ್ಲ ಅಂದ್ರು.”

“ಅದಕ್ಕೆ ಸಾಕ್ಷಿ ಏನಪ್ಪ?”

“ಚಾರ್ಜ್ ಇತ್ತು ಸಾರ್!” ಮಹೇಶ ಎದ್ದು ನಿಂತ. “ವಾಪಸ್ ಹೋಗುವಾಗ ದಾರಿ ಉದ್ದಕ್ಕೂ ಅದೇ ಫೋನಲ್ಲೇ ಮಾತಾಡ್ಕೊಂಡು ಹೋದ್ರು. ಆಗ ನಂಗೆ ಹೊಳೀಲಿಲ್ಲ. ಮೊದಲೇ ಲೆಕ್ಕ ಹಾಕಿದ್ರಾ? ಏಳು ವರ್ಷ ಅವರ ಮಕ್ಕಳನ್ನ ಸ್ಕೂಲಿಗೆ ಬಿಟ್ಟಿದೀನಿ ನಾನು!”

“ಕೂಗಾಡಿದ್ರೆ ನಿಮಗೇ ತೊಂದರೆ.”

“ಹೊರಗೆ ಹೋಗ್ರೀ,” ಎಂದ ಪಿಳ್ಳಣ್ಣ. ಮಂಚದಿಂದ ಯಾರ ಆಸರೆಯೂ ಇಲ್ಲದೆ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲ ತನಕ ನಡೆದು, ಅದನ್ನು ಪೂರ್ತಿ ತೆರೆದು ನಿಂತ. “ನನ್ನ ತಪ್ಪು ನಾನು ಹೇಳ್ತೀನಿ. ಚಳೀ ಮೇಲೆ ಹಾಕಲ್ಲ, ನನ್ನ ಅಳಿಯನ ಮೇಲೂ ಹಾಕಲ್ಲ. ನಿಮ್ಮ ಸಾವ್ಕಾರನಿಗೆ ಹೇಳಿ, ಕೋರ್ಟಲ್ಲಿ ಅವನ ಎದುರಿಗೆ ಕುರ್ಚಿ ಮೇಲೆ ಕೂತು ಹೇಳ್ತೀನಿ.”

ಲಾಯರ್ ಹೋದ ಮೇಲೆ ಮಹೇಶ ಅಲ್ಲೇ ಕೂತಿದ್ದ. ಇಂದ್ರಾಣಿ ಅಡುಗೆಮನೆಯಿಂದ ಕಾಫಿ ತಂದು ಅಪ್ಪನಿಗೆ ಕೊಟ್ಟಳು, ಮಹೇಶನಿಗೆ ಕೊಡಲಿಲ್ಲ. ಕೊನೆಗೆ ಅವನೇ, “ಆ ಮೇಡಂ ಆಫೀಸ್ ಎಷ್ಟೊತ್ತಿನವರೆಗೆ ಇರುತ್ತೆ?” ಎಂದ.

“ಯಾಕೆ?”

“ಯಾರು ಏನೇನು ಮಾಡಿದ್ರು ಅಂತ ಹೇಳಿ ಬರ್ತೀನಿ. ನಾನು ಮಾಡಿದ್ದನ್ನೂ ಸೇರಿಸಿ.”

ಅವಳು ಅವನನ್ನು ನೋಡಿದಳು. ಇಷ್ಟು ದಿನ ಒಳಗೇ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಬಾಯಿಗೆ ಬಂತು. ನಿಮಗೆ ಏಟು ಬಿದ್ದಾಗ ಮಾತ್ರ ಕಣ್ಣು ಬಿಡುತ್ತೀರಲ್ಲ, ನಮ್ಮಪ್ಪ ಹುಲ್ಲಲ್ಲಿ ಬಿದ್ದಾಗ ಎಲ್ಲಿಗೆ ಹೋಗಿತ್ತು ಈ ರೋಷ ಎಂದು ಕೇಳಿದಳು. ಜೋರಾಗಿಯೇ ಕೇಳಿದಳು, ಪಕ್ಕದ ಮನೆಯವರಿಗೂ ಕೇಳಿಸಿತು. ಮಹೇಶ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಅವಳ ಮಾತು ಮುಗಿದ ಮೇಲೆ ಚಪ್ಪಲಿ ಮೆಟ್ಟಿಕೊಂಡ.

“ಐದೂವರೆ ತನಕ ಇರ್ತಾರೆ,” ಎಂದಳು ಇಂದ್ರಾಣಿ. “ಸ್ಕೂಟರ್ ತಗೊಂಡ್ಹೋಗಿ. ಆಟೋಗೆ ಕಾಯ್ಬೇಡಿ.”

ಅವನು ಹೋದ. ಕೇಸು ಇನ್ನೂ ನಡೆಯುತ್ತಿದೆ. ಮಹೇಶ ಈಗ ಬನಶಂಕರಿಯಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತಾನೆ, ಮನೆಗೆ ವಾಪಸ್ ಬಂದಿದ್ದಾನೆ. ಇಂದ್ರಾಣಿ ಅವನೊಂದಿಗೆ ಮಾತಾಡುತ್ತಾಳೆ, ನಗುವುದು ಕಡಿಮೆ. ಕೋರ್ಟಿನ ದಿನ ಬಂದರೆ ಪಿಳ್ಳಣ್ಣ ಹಿಂದಿನ ದಿನವೇ ಕ್ಷೌರ ಮಾಡಿಸಿಕೊಳ್ಳುತ್ತಾನೆ. ಸುಶ್ರುತ ಕಾರಿಡಾರಿನಲ್ಲಿ ಎದುರಾದರೆ ಗೋಡೆಯ ಕಡೆ ಸರಿಯುವವನು ಪಿಳ್ಳಣ್ಣನಲ್ಲ.